ಕಲ್ಲಚ್ಚಿನಲ್ಲಿ ಉಳಿದ ಅಂಗಡಿಬೀದಿ

ಅಂಗಡಿಯ ಹಲಗೆಯನ್ನು ಓದಿಯೇ ನಾವೆಲ್ಲರೂ ಒಳಹೊಗುವೆವು. ಸಾಮಾನು ಕೊಂಡು ಹೊರಬಂದ ಮೇಲೆ ಅದರಲ್ಲಿ ಏನು ಬರೆದಿದ್ದಿತೆಂದು ನೆನೆಯುವವರು ವಿರಳ. ಅಮೇರಿಕಾ ದೇಶದ ಫಿಲಡೆಲ್ಫಿಯಾ ನಗರದಲ್ಲಿ ವಿಲಿಯಂ ಎಚ್. ರೀಸ್ ಎಂಬ ಚಿತ್ರಕಾರನಾದರೋ 1840ರ ಮತ್ತು 1850ರ ದಶಕಗಳಲ್ಲಿ ಅಂಗಡಿಗಳ ಮುಂಭಾಗಗಳನ್ನು ಚಿತ್ರಿಸುವುದನ್ನೇ ತನ್ನ ಮುಖ್ಯ ವೃತ್ತಿಯನ್ನಾಗಿ ಮಾಡಿಕೊಂಡಿದ್ದನು. ಇವು ವರ್ತಕರು ಹಣ ಕೊಟ್ಟು ಬರೆಯಿಸಿದ ಜಾಹೀರಾತುಗಳು.

ಇವುಗಳನ್ನು ಅಚ್ಚುಮಾಡಿದುದು ಶಿಲಾಮುದ್ರಣದಿಂದ, ಎಂದರೆ ಕಲ್ಲಚ್ಚಿನಿಂದ. ಜರ್ಮನಿಯ ಸೆನೆಫೆಲ್ಡರನು 1798ರ ಸುಮಾರಿಗೆ ಕಂಡುಹಿಡಿದ ಈ ವಿದ್ಯೆಯ ಮರ್ಮವೆಲ್ಲ ನೀರಿಗೂ ಜಿಡ್ಡಿಗೂ ಇರುವ ಸಹಜವೈರದಲ್ಲಿದೆ. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಗೋಂದು ಮತ್ತು ಆಮ್ಲಗಳಿಂದ ಹದಗೊಳಿಸಿ, ಕಲ್ಲನ್ನು ತೋಯಿಸಿ ಮಸಿಯನ್ನು ಹಾಯಿಸಿದರೆ, ಮಸಿಯು ಜಿಡ್ಡಿದ್ದೆಡೆಯಲ್ಲಿ ಮಾತ್ರವೇ ಹತ್ತುವುದು. ಆದರೆ ಕಲ್ಲಿನ ಮೇಲಿನ ಎಡವು ಕಾಗದದಲ್ಲಿ ಬಲವಾಗುವುದು. ಅಂಗಡಿಯ ಚಿತ್ರವೆಂದರೆ ಬಾಗಿಲಿನ ಮೇಲೆ, ಗೋಡೆಯ ಮೇಲೆ, ಪೆಟ್ಟಿಗೆಯ ಮೇಲೆ ಅಕ್ಷರಗಳೇ. ಕಲ್ಲಿನ ಮೇಲೆ ನೇರವಾಗಿ ಬರೆಯುವವನು ಅವೆಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ತಿದ್ದಬೇಕು! ಕಪ್ಪುಹಲಗೆಯ ಮೇಲೆ ನೆಟ್ಟಗೆ ಒಂದು ಸಾಲು ಬರೆಯುವ ಪ್ರಯಾಸವನ್ನು ಬಹುಕಾಲ ಕಂಡಿರುವ ನಮಗೆ ಆ ಕೈಯಲ್ಲಿ ಗೌರವ ಹುಟ್ಟಿತು. (ಅದೇ ದಶಕದಲ್ಲಿ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಹೊರಟಿತೆಂಬುದು ವಾಚಕರಿಗೆ ನೆನಪಿರಬಹುದು.)

ವರ್ತಕನಿಗೆ ಬೇಕಾಗಿದ್ದುದು ತನ್ನ ಕಟ್ಟಡ ಮತ್ತು ತನ್ನ ಹೆಸರು. ರೀಸನು ಅಷ್ಟಕ್ಕೆ ನಿಲ್ಲಲಿಲ್ಲ. ಕೊಳ್ಳುವವರನ್ನೂ, ಮಾತಿಗೆ ನಿಂತವರನ್ನೂ, ಹೊರೆಯಾಳುಗಳನ್ನೂ ಬಾಗಿಲಿನೆದುರು ತಂದು ನಿಲ್ಲಿಸಿದನು. ಜಾಹೀರಾತಾದ ಮೇಲೆ ಅಂಗಡಿಯನ್ನು ಕೊಂಚ ಅಂದಗೊಳಿಸದೆ ಇರುವುದುಂಟೇ? ಆದುದರಿಂದ ಕಟ್ಟಡದ ಠೀವಿಗಿಂತ ಈ ಜನರ ಓಡಾಟವೇ ನಮಗೆ ಹೆಚ್ಚು ರುಚಿಸುವುದು.

ನಮ್ಮ ಅರಸರು ತಮ್ಮ ದಾನಗಳು ಆಚಂದ್ರಾರ್ಕವಾಗಿ ನಿಲ್ಲಲೆಂದು ಕಲ್ಲಿನ ಮೇಲೆ ಬರೆಯಿಸಿದರು. ಅಚ್ಚುಕೂಟದ ಕಲ್ಲಿನ ಗತಿಯೇ ಬೇರೆ: ಪ್ರತಿಗಳು ಮುಗಿದೊಡನೆ ಚಿತ್ರವನ್ನು ಉಜ್ಜಿ ಅಳಿಸಿ, ಅದರ ಮೇಲೆಯೇ ಮತ್ತೊಬ್ಬನ ಕೆಲಸವನ್ನು ಬರೆಯುವುದು ವಾಡಿಕೆ. ಆ ಕಾಲದ ಅಂಗಡಿಗಳಲ್ಲಿ ಎಷ್ಟೋ ಕಾಲಾಂತರದಲ್ಲಿ ಕೆಡವಲ್ಪಟ್ಟವು. ಉಳಿದುದು ಕಾಗದ. 1731ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನೂ ಅವನ ಮಿತ್ರರೂ ಸ್ಥಾಪಿಸಿದ ಫಿಲಡೆಲ್ಫಿಯಾದ ಲೈಬ್ರರಿ ಕಂಪನಿಯು ಇಂತಹ ಹಾಳೆಗಳನ್ನು ಕಾಪಾಡಿಕೊಂಡು ಬಂದಿದೆ.

ಹಾಳೆಯಲ್ಲಿ ಇಸವಿ ಇಲ್ಲದಿದ್ದರೆ ಕಾಲನಿರ್ಣಯ ಹೇಗೆ? ಹಲಗೆಯೇ ಸಾಕ್ಷಿ. ಆ ನಗರದ ಮನೆಗಳಿಗೆ 1857ರಲ್ಲಿ ಹೊಸ ಕ್ರಮದ ಸಂಖ್ಯೆಗಳು ಬಂದವು. ಹಳೆಯ ಸಂಖ್ಯೆಯಿದ್ದರೆ ಚಿತ್ರವು ಅದಕ್ಕೆ ಹಿಂದಿನದೆಂದು ಊಹಿಸಬಹುದು. ಪಾಲುದಾರನೊಬ್ಬನು ಬಿಟ್ಟುಹೋದರೆ, ಅಥವಾ ಮಗನು ವ್ಯಾಪಾರಕ್ಕೆ ಸೇರಿದರೆ, ಹಲಗೆಯ ಹೆಸರೂ ಬದಲಾಗುವುದು. ವರ್ಷವರ್ಷವೂ ಅಚ್ಚಾಗುತ್ತಿದ್ದ ವಿಳಾಸಪುಸ್ತಕಗಳಲ್ಲಿ ಆ ಹೆಸರನ್ನು ಹುಡುಕಿದರೆ ಕಾಲವು ಇನ್ನಷ್ಟು ಹತ್ತಿರಕ್ಕೆ ಬರುವುದು. ಹೀಗೆ ವರ್ತಕನು ಸಿಕ್ಕುವನು. ಅವನ ಬಾಗಿಲಿನಲ್ಲಿ ಪೆಟ್ಟಿಗೆಯನ್ನೆತ್ತಲು ಬಗ್ಗಿ ನಿಂತವನು ಯಾರೆಂಬುದನ್ನು ಮಾತ್ರ ಯಾವ ಹಲಗೆಯೂ ಹೇಳದು.