ಹಂಡೆ ಸೋರುವ ದಿನ

ಕ್ಯಾಲಿಫೋರ್ನಿಯದ ಸೌತ್ ಸ್ಯಾನ್ ಫ್ರಾನ್ಸಿಸ್ಕೋ ಊರನ್ನು ಹಾದುಹೋಗುವ ಪ್ರಯಾಣಿಕ ರೈಲು ಕ್ಯಾಲ್‌ಟ್ರೇನ್ 2024ರ ಸೆಪ್ಟೆಂಬರ್‌ನಲ್ಲಿ ಡೀಸೆಲ್ ಬಿಟ್ಟು ವಿದ್ಯುತ್ತಿಗೆ ಬಂತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆವರೆಗಿನ ಸುಮಾರು 82 ಕಿ.ಮೀ. ಹಳಿಗೆ ತಂತಿ ಎಳೆಯಲು ಏಳು ವರ್ಷ ಹಿಡಿಯಿತು. ನನ್ನ ಮಟ್ಟಿಗೆ ಇದು ಸುಲಭದ ಕೆಲಸ. ಒಂದೇ ಸಂಸ್ಥೆ, ಒಂದೇ ತೀರ್ಮಾನ. ಉರಿಯುವ ಇಂಧನ ಬಿಟ್ಟು ವಿದ್ಯುತ್ತಿಗೆ ಬರುವ ಕಷ್ಟವೆಲ್ಲ ಮನೆಮನೆಯ ಗರಾಜಿನ ಮೂಲೆಯಲ್ಲಿದೆ.

ಅಲ್ಲಿ ನಿಂತಿರುವುದು ಗ್ಯಾಸ್ ವಾಟರ್ ಹೀಟರ್, ನಮ್ಮ ಬಚ್ಚಲ ಹಂಡೆಯ ವಂಶದ್ದೇ. ಅಮೆರಿಕದ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳಲ್ಲಿ ನೀರು ಕಾಯುವುದು ಗ್ಯಾಸಿನಲ್ಲಿ. ನೂರೈವತ್ತು ಲೀಟರಿನ ಉಕ್ಕಿನ ಡ್ರಮ್ಮು, ಕೆಳಗೆ ನೀಲಿ ಜ್ವಾಲೆ, ನಡುವೆ ಹೊಗೆಕೊಳವೆ. ಶಾಖದ ಮೂರರಲ್ಲಿ ಒಂದು ಪಾಲಿನಷ್ಟು ವ್ಯರ್ಥ.

ಇದರ ಜಾಗಕ್ಕೆ ಬರಬೇಕಾದದ್ದು ಹೀಟ್ ಪಂಪ್. ಫ್ರಿಜ್ ತನ್ನೊಳಗಿನ ಶಾಖವನ್ನು ಹಿಂಬದಿಗೆ ದಬ್ಬುವ ಹಾಗೆ, ಇದು ಸುತ್ತಲ ಗಾಳಿಯ ಶಾಖವನ್ನು ಹೀರಿ ನೀರಿಗೆ ಸಾಗಿಸುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ. ಆ ವಿದ್ಯುತ್ತೂ ಗ್ಯಾಸಿನದೇ ಆದರೆ? ಅಮೆರಿಕದ ವಿದ್ಯುತ್ತಿನಲ್ಲಿ 2023ರಲ್ಲೂ ಸುಮಾರು ಶೇ 60 ಪಳೆಯುಳಿಕೆ ಇಂಧನದಿಂದ ಬಂದದ್ದು. ಆದರೂ ಲೆಕ್ಕ ಗೆಲ್ಲುತ್ತದೆ. 100 ಯೂನಿಟ್ ಗ್ಯಾಸನ್ನು ಒಳ್ಳೆಯ ವಿದ್ಯುತ್ ಸ್ಥಾವರದಲ್ಲಿ ಉರಿಸಿದರೆ ಸುಮಾರು 50 ಯೂನಿಟ್ ವಿದ್ಯುತ್ ಸಿಗುತ್ತದೆ. ತಂತಿಯ ನಷ್ಟ ಕಳೆದು ಹೀಟ್ ಪಂಪ್‌ಗೆ ಕೊಟ್ಟರೆ 140ರಷ್ಟು ಶಾಖ. ಗರಾಜಿನಲ್ಲೇ ಉರಿಸಿದರೆ 60-65. ಸೌರವಿದ್ಯುತ್ ಬರಲಿ, ಆಮೇಲೆ ನೋಡೋಣ ಎನ್ನುವ ಮಾತಿನಲ್ಲಿ ಹುರುಳಿಲ್ಲ.

ಆದರೆ ಹಂಡೆ ಹೇಳಿ ಕೆಡುವುದಿಲ್ಲ. ಚಳಿಗಾಲದ ಬೆಳಗ್ಗೆ ತಳ ಸೋರಿತೆಂದರೆ ಮನೆಯವರಿಗೆ ಸಂಜೆಯೊಳಗೆ ಬಿಸಿನೀರು ಬೇಕು, ಹವಾಮಾನ ನೀತಿ ಆಮೇಲೆ. ತಕ್ಷಣ ಸಿಗುವುದು ಗ್ಯಾಸಿನದೇ. ಹೀಟ್ ಪಂಪ್‌ಗೆ ಸಾಮಾನ್ಯವಾಗಿ 240 ವೋಲ್ಟಿನ ಪ್ರತ್ಯೇಕ ಲೈನ್ ಬೇಕು. ಹಳೆಯ ಮನೆಯ 100 ಆಂಪಿಯರ್ ಪ್ಯಾನೆಲ್ಲಿನಲ್ಲಿ ಜಾಗವಿಲ್ಲದಿದ್ದರೆ ಎಲೆಕ್ಟ್ರಿಷಿಯನ್, ಪರವಾನಗಿ, ಓಡಾಟ. ಆ ಅವಸರದಲ್ಲಿ ಕೂತ ಗ್ಯಾಸ್ ಹಂಡೆ ಇನ್ನು 10-15 ವರ್ಷ ಉರಿಯುತ್ತದೆ. ಮಾಮೂಲಿ ಸಾಕೆಟ್ಟಿಗೆ ಸಿಕ್ಕಿಸುವ 120 ವೋಲ್ಟಿನ ಹೀಟ್ ಪಂಪ್‌ಗಳೂ ಈಗ ಬಂದಿವೆ, ನೀರು ಕಾಯುವುದು ತುಸು ನಿಧಾನ ಅಷ್ಟೆ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ವಾಯು ಗುಣಮಟ್ಟ ನಿಯಂತ್ರಣ ಸಂಸ್ಥೆ 2023ರ ಮಾರ್ಚ್‌ನಲ್ಲಿ ಇಂಥ ಹೊಸ ಗ್ಯಾಸ್ ಹೀಟರ್‌ಗಳ ಮಾರಾಟವನ್ನು 2027ರಿಂದ ಹಂತಹಂತವಾಗಿ ನಿಲ್ಲಿಸುವ ನಿಯಮ ಮಾಡಿತು. ಕೊಟ್ಟ ಕಾರಣ, ಜ್ವಾಲೆಯಿಂದ ಬರುವ ನೈಟ್ರೋಜನ್ ಆಕ್ಸೈಡ್‌ಗಳು. ಜಾಣತನವೇ ಸರಿ. ಏಕೆಂದರೆ ಗ್ಯಾಸಿನ ಮೇಲೇ ನೇರವಾಗಿ ಕೈಹಾಕಿ, ಹೊಸ ಕಟ್ಟಡಗಳಿಗೆ ಗ್ಯಾಸ್ ಕೊಳವೆಯನ್ನೇ ನಿಷೇಧಿಸಿದ್ದ ಅಲ್ಲಿನ ಬರ್ಕ್ಲಿ ನಗರ ಮರುತಿಂಗಳೇ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು.

ಇನ್ನು ಬೀದಿಯ ಕೊಳವೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಸ್ಯಾನ್ ಬ್ರೂನೋದಲ್ಲಿ 1956ರಲ್ಲಿ ಹೂತಿದ್ದ ಗ್ಯಾಸ್ ಕೊಳವೆ 2010ರ ಸೆಪ್ಟೆಂಬರ್ 9ರಂದು ಸಿಡಿದು 8 ಮಂದಿ ಸತ್ತರು, 38 ಮನೆಗಳು ನಾಶವಾದವು. ಗ್ಯಾಸ್ ನೂರು ಮನೆಗೆ ಹೋಗಲಿ, ಹತ್ತೇ ಮನೆಗೆ ಹೋಗಲಿ, ಕೊಳವೆಯ ಕಾವಲು ಕಡಿಮೆ ಮಾಡುವಂತಿಲ್ಲ. ಅನುಕೂಲಸ್ಥರು ಮೊದಲು ಕಳಚಿಕೊಂಡರೆ ಆ ಖರ್ಚು ಬಾಡಿಗೆದಾರರ ಬಿಲ್ಲಿಗೆ ಬೀಳುತ್ತದೆ, ಹಂಡೆ ಬದಲಿಸುವ ಅಧಿಕಾರ ಮಾತ್ರ ಮನೆ ಮಾಲೀಕರದು. ಹಾಗಾಗಿ ಇಡೀ ಬೀದಿಯನ್ನೇ ಒಟ್ಟಿಗೆ ಗ್ಯಾಸಿನಿಂದ ಬಿಡಿಸಿ ಕೊಳವೆ ಮುಚ್ಚುವ ಪ್ರಯೋಗಕ್ಕೆ ಕ್ಯಾಲಿಫೋರ್ನಿಯ 2024ರಲ್ಲಿ ಕಾನೂನು ತಂದಿದೆ. ಹೆಚ್ಚೆಂದರೆ 30 ಕಡೆ. ಅದೂ ಅಲ್ಲಿನ ಶೇ 67ರಷ್ಟು ಮಾಲೀಕರು ಒಪ್ಪಿದರೆ.