ಮದ್ದಿಗೆ ಬಗ್ಗದ ರೋಗಾಣು

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಕಾಯಿಲೆ ಕೈಮೀರಿತೆಂದರೆ ಮನೆಯವರು ನೆನೆಯುವುದು ಬೀದರ, ಕಲಬುರ್ಗಿ, ಸೊಲ್ಲಾಪುರಗಳನ್ನು, ಕೊನೆಗೆ ಹೈದರಾಬಾದನ್ನು. ಹುಮನಾಬಾದಿನಿಂದ ಹೊರಟ ಹೆದ್ದಾರಿ ಜಹೀರಾಬಾದ್, ಸಂಗಾರೆಡ್ಡಿಗಳನ್ನು ದಾಟಿ ಪಟಾಂಚೆರುವಿನ ಮೇಲೆ ಹಾಯ್ದು ಆ ಮಹಾನಗರವನ್ನು ಸೇರುತ್ತದೆ. ಆಂಬುಲೆನ್ಸಿನಲ್ಲಿ ಕುಳಿತವರಿಗೆ ಪಟಾಂಚೆರು ದಾರಿಯ ಮೇಲಿನ ಮತ್ತೊಂದು ಊರು, ಅಷ್ಟೆ. ಆದರೆ ಅವರ ರೋಗಿಯನ್ನು ಮಲಗಿಸಲಿರುವ ತೀವ್ರ ನಿಗಾ ಘಟಕದ ಕಥೆಗೂ ಈ ಊರಿಗೂ ನಂಟುಂಟು.

ಸುಮಾರು 90 ಔಷಧ ಕಾರ್ಖಾನೆಗಳ ಕೊಳೆನೀರನ್ನು ಶುದ್ಧಿಗೊಳಿಸುವ ಸ್ಥಾವರವೊಂದು ಇಲ್ಲಿತ್ತು. ಅಲ್ಲಿಂದ ಹೊರಬಿದ್ದ ನೀರನ್ನು ಪರೀಕ್ಷಿಸಿದ ಸ್ವೀಡನ್ನಿನ ವಿಜ್ಞಾನಿ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಲೆಕ್ಕ ನಂಬಲು ಕಷ್ಟವಾದದ್ದು. ಲೀಟರಿಗೆ 31 ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಸಿನ್! ಆ ಮಾತ್ರೆಯನ್ನು ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟಿರದು. ಅಂಥ ನೀರಿನಲ್ಲಿ ದುರ್ಬಲ ಬ್ಯಾಕ್ಟೀರಿಯಗಳು ಅಳಿಯುತ್ತವೆ. ಮದ್ದಿಗೆ ಬಗ್ಗದವು ಉಳಿದು ಬೆಳೆಯುತ್ತವೆ.

ದೋಷವನ್ನೆಲ್ಲ ಪಟಾಂಚೆರುವಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ನೆಗಡಿಯು ವೈರಸ್ಸಿನಿಂದ ಬರತಕ್ಕದ್ದು. ಆಂಟಿಬಯೋಟಿಕ್ ಅದನ್ನು ಮುಟ್ಟಲಾರದು. ಆದರೂ ವೈದ್ಯರ ಚೀಟಿಯಿಲ್ಲದೆ ನಾಲ್ಕು ಮಾತ್ರೆ ಕೊಂಡು, ಎರಡನ್ನು ನುಂಗಿ, ಉಳಿದೆರಡನ್ನು ಗೂಡಿನಲ್ಲಿಡುವುದು ಯಾವ ಊರಿನಲ್ಲಿಲ್ಲ? ಪ್ರಬಲವಾದ ಮದ್ದುಗಳನ್ನು ಮಾರುವಾಗ ವೈದ್ಯರ, ರೋಗಿಯ ಹೆಸರುಗಳನ್ನು ಬರೆದಿಡಬೇಕೆಂಬ ‘ಹೆಚ್-1’ ನಿಯಮ 2014ರ ಮಾರ್ಚಿಯಲ್ಲಿ ಜಾರಿಗೆ ಬಂದಿತು. ಬರೆದಿಡುವವರೂ ಉಂಟು.

ಹೀಗೆ ಪಳಗಿದ ಬ್ಯಾಕ್ಟೀರಿಯ ಮನುಷ್ಯನ ಕರುಳಿನಲ್ಲಿ ತಂಟೆಯಿಲ್ಲದೆ ವಾಸಿಸಬಲ್ಲದು. ಗಂಟಲಿಗೆ ಉಸಿರಿನ ನಳಿಗೆ, ಮೂತ್ರಕ್ಕೊಂದು ನಳಿಗೆ, ರಕ್ತನಾಳಕ್ಕೊಂದು ನಳಿಗೆ ಇಳಿದಾಗ ಅದಕ್ಕೆ ಬಾಗಿಲು ತೆರೆಯುತ್ತದೆ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಅದನ್ನು ಒಯ್ಯುವ ವಾಹನವೆಂದರೆ, ಬಹುಪಾಲು, ತೊಳೆಯದ ಕೈ. ಮೇಲಾಗಿ, ಮದ್ದನ್ನು ಗೆಲ್ಲುವ ಗುಣವನ್ನು ಒಂದು ಬ್ಯಾಕ್ಟೀರಿಯ ಬೇರೆ ಜಾತಿಯದಕ್ಕೂ ದಾನಮಾಡಬಲ್ಲದು. ಕಾರ್ಬಪೆನೆಮ್ ಎಂಬ ಬಲಿಷ್ಠ ಮದ್ದನ್ನು ಮುರಿಯುವ ಕಿಣ್ವವೊಂದು 2008ರಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬನಲ್ಲಿ ಸಿಕ್ಕಿತು. ಅದಕ್ಕೆ ‘ನ್ಯೂ ಡೆಲ್ಲಿ’ಯ ಹೆಸರಿಟ್ಟರೆಂದು ನಮ್ಮ ದೇಶದಲ್ಲಿ ಭಾರಿ ಕೋಲಾಹಲವೆದ್ದಿತು, ಅದರ ಅರ್ಧ ಕಾವು ಆಸ್ಪತ್ರೆಯ ಕೈತೊಳೆಯುವ ತೊಟ್ಟಿಯ ಕಡೆಗೆ ಹರಿದಿದ್ದರೆ ಲೇಸಾಗುತ್ತಿತ್ತು.

ಯಾವ ರೋಗಾಣು, ಯಾವುದಕ್ಕೆ ಬಗ್ಗೀತು ಎಂಬುದನ್ನು ಕಲ್ಚರ್ ಪರೀಕ್ಷೆ ತಿಳಿಸುತ್ತದೆ. ಅದಕ್ಕೆ ಎರಡು-ಮೂರು ದಿನ ಬೇಕು. ರಕ್ತಕ್ಕೆ ನಂಜೇರಿದ ರೋಗಿ ಅಷ್ಟು ಕಾಯಲಾರ. ವೈದ್ಯರು ಊಹೆಯ ಮೇಲೆ ಬಲವಾದ ಮದ್ದನ್ನೇ ಹಿಡಿಯಬೇಕಾಗುತ್ತದೆ. ಅದೂ ಸೋತರೆ ಕೊಲಿಸ್ಟಿನ್. ಮೂತ್ರಪಿಂಡಕ್ಕೆ ಕೇಡೆಂದು ದಶಕಗಳ ಕೆಳಗೆ ಮೂಲೆಗಿಟ್ಟಿದ್ದ ಈ ಹಳೆಯ ಮದ್ದು ಬೇರೆ ಗತಿಯಿಲ್ಲದೆ ಮರಳಿ ಬಂದಿದೆ. ಕೋಳಿಗಳ ಮೇವಿಗೂ ಇದನ್ನೇ ಬೆರೆಸುತ್ತಿದ್ದರು. ಸರ್ಕಾರ 2019ರಲ್ಲಿ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ಕೊಲಿಸ್ಟಿನ್ನಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಭಾರತದ ಆಸ್ಪತ್ರೆಗಳಲ್ಲಿ ಕಾಣಿಸಿಕೊಂಡಾಗಿತ್ತು.