ಇನ್ನೊಮ್ಮೆ ಬರುವೆನೆಂದ ಗುರು

ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯದ ಮೊದಲಲ್ಲಿರುವ ಅರ್ಪಣೆಯ ಕವಿತೆ ತಳುಕಿನ ವೆಂಕಣ್ಣಯ್ಯನವರಿಗೆ ಸಂದದ್ದು. ಕುವೆಂಪು ಅವರಿಗೆ ವೆಂಕಣ್ಣಯ್ಯನವರು ಪಾಠ ಹೇಳಿದ ಮೇಷ್ಟ್ರು. ಆಮೇಲೆ ಮೈಸೂರಿನ ಮಹಾರಾಜ ಕಾಲೇಜಿನ ಕನ್ನಡ ವಿಭಾಗದಲ್ಲಿ ಹಿರಿಯ ಸಹೋದ್ಯೋಗಿ. ಕಾವ್ಯ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡು ಏಳು ವರ್ಷವಾಗಿತ್ತು.

ವೆಂಕಣ್ಣಯ್ಯನವರು 1885ರಲ್ಲಿ ಹುಟ್ಟಿದರು. ಊರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕು. ವಿದ್ವಾಂಸ ತ.ಸು. ಶಾಮರಾಯರು ಅವರ ತಮ್ಮ, ಕಾದಂಬರಿಕಾರ ತ.ರಾ.ಸು. ಅವರ ಸೋದರನ ಮಗ. ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆಗೂಡಿ ವೆಂಕಣ್ಣಯ್ಯನವರು ರಾಮಕೃಷ್ಣ ಪರಮಹಂಸರ ಚರಿತ್ರೆ ಬರೆದರು, ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಸಂಗ್ರಹಿಸಿ ಕೊಟ್ಟರು. ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿದರು. ಅವರ ಓದಿನ ಆಳಕ್ಕೆ ಹೋಲಿಸಿದರೆ ಬರೆದದ್ದು ಕಡಿಮೆಯೇ. ಬರೆಯಬೇಕಾದ ಸಮಯವನ್ನು ಅವರು ಶಿಷ್ಯರಿಗೆ ಹಂಚಿಬಿಟ್ಟರು. ಕುವೆಂಪು, ಡಿ.ಎಲ್. ನರಸಿಂಹಾಚಾರ್ ಅಂಥವರ ಬೆಳೆ ನೋಡಿದರೆ ಆ ಹಂಚಿಕೆ ವ್ಯರ್ಥವಾಗಲಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಶುರುವಾದದ್ದು 1927ರಲ್ಲಿ. ಮೊದಲ ತಂಡದಲ್ಲಿ ಓದಿದ ಕುವೆಂಪು 1929ರಲ್ಲಿ ತೇರ್ಗಡೆಯಾಗಿ ಅದೇ ವರ್ಷ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ನಿನ್ನೆ ಬೆಂಚಿನ ಮೇಲೆ ಕೂತಿದ್ದವನು ಇಂದು ಮೇಷ್ಟ್ರ ಪಕ್ಕದ ಕುರ್ಚಿಗೆ ಬಂದಾಗ ಸಂಬಂಧ ಬದಲಾಗಬಹುದಿತ್ತು. ಇಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಇಬ್ಬರನ್ನೂ ಕಾಲೇಜಿನಷ್ಟೇ ರಾಮಕೃಷ್ಣ ಪರಂಪರೆಯೂ ಹತ್ತಿರ ತಂದಿತ್ತು.

1936ರಲ್ಲಿ ಕುವೆಂಪು ರಾಮಾಯಣವನ್ನು ಕೈಗೆತ್ತಿಕೊಂಡರು. ಕಾವ್ಯ ಇನ್ನೂ ನಡೆದಿದ್ದಾಗ ವೆಂಕಣ್ಣಯ್ಯನವರು ಒಂಟಿಕೊಪ್ಪಲಿನಲ್ಲಿದ್ದ ಕುವೆಂಪು ಅವರ ‘ಉದಯರವಿ’ ಮನೆಗೆ ಬಂದು ಬರೆದಷ್ಟನ್ನು ಓದಿಸಿ ಕೇಳಿದರು, ಮೆಚ್ಚಿ ಹರಸಿದರು. ಪೂರ್ತಿಯಾದ ಮೇಲೆ ಇನ್ನೊಮ್ಮೆ ಬರುವುದಾಗಿ, ಇಡೀ ದಿನ ಕೂತು ಕೇಳುವುದಾಗಿ ಹೇಳಿ ಹೋದರು. ಈ ಭೇಟಿಯ ನೆನಪನ್ನು ಅರ್ಪಣೆಯಲ್ಲಿ ಕವಿಯೇ ಹೇಳಿಕೊಂಡಿದ್ದಾರೆ. ಆ ಇನ್ನೊಂದು ಸಲ ಬರಲೇ ಇಲ್ಲ. 1939ರಲ್ಲಿ, 53ನೆಯ ವಯಸ್ಸಿನಲ್ಲಿ, ವೆಂಕಣ್ಣಯ್ಯನವರು ತೀರಿಕೊಂಡರು. ಕಾವ್ಯ ಮುಗಿದದ್ದು 1946ರಲ್ಲಿ.

ಕಾವ್ಯವನ್ನು ‘ಕೇಳುವುದು’ ಎಂದರೇನು ಎಂಬುದು ಇಂದಿನ ಓದುಗರಿಗೆ ತಟ್ಟನೆ ಹೊಳೆಯದಿರಬಹುದು. ಕೊಪ್ಪಳ ಜಿಲ್ಲೆಯ ಹನುಮಸಾಗರದ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರಾವಣ ಬಂತೆಂದರೆ ಆ ಕಡೆಯ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಊರು ಕೂತು ಕೇಳುತ್ತದೆ. ತಲೆದೂಗುವವರಿದ್ದರೆ ಓದುವವರ ದನಿಗೂ ಕಳೆ ಏರುತ್ತದೆ. ವೆಂಕಣ್ಣಯ್ಯನವರು ಕುವೆಂಪು ಅವರಿಗೆ ಅಂಥ ಕೇಳುಗರಾಗಿದ್ದರು. ಹಳಗನ್ನಡದ ಪದದ ತೂಕ ಬಲ್ಲವರು, ಹೊಸ ಛಂದಸ್ಸಿನ ನಡೆಯನ್ನು ಕಿವಿಯಿಂದಲೇ ಹಿಡಿಯಬಲ್ಲವರು. ಅವರು ಹೋದಾಗ ಕವಿಗೆ ಹಿರಿಯರ ಜೊತೆಗೆ ಆ ಕಿವಿಯೂ ಇಲ್ಲವಾಯಿತು. ಮಹಾಛಂದಸ್ಸಿನ 22 ಸಾವಿರಕ್ಕೂ ಹೆಚ್ಚಿನ ಸಾಲುಗಳಲ್ಲಿ ಬಹುಪಾಲನ್ನು ಅವರು ಕೇಳದೆಯೇ ಹೋದರು.

ಇಂಥ ಕೊರಗಿಗೆ ಯಾರ ತಪ್ಪೂ ಕಾರಣವಲ್ಲ. ದೊಡ್ಡ ಕೆಲಸಕ್ಕೆ ಹತ್ತು ವರ್ಷ ಬೇಕಿತ್ತು, ಆಯುಸ್ಸು ಮೂರಕ್ಕೇ ನಿಂತಿತು. ಅದಕ್ಕೇ ಅರ್ಪಣೆಯಲ್ಲಿ ಪಶ್ಚಾತ್ತಾಪದ ಗೋಳು ಇಲ್ಲ. ಕವಿ ಗುರುವನ್ನು ಎದುರಿಗೆ ಇರುವವರಂತೆ ಕರೆಯುತ್ತಾರೆ, ಮುಗಿಸಿ ತಂದಿದ್ದೇನೆಂದು ಒಪ್ಪಿಸುತ್ತಾರೆ, ಕೇಳಬೇಕೆಂದು ಬೇಡುತ್ತಾರೆ. ಸತ್ತವರಿಗೆ ಬರೆದ ಪದ್ಯಗಳು ಸಾಮಾನ್ಯವಾಗಿ ಬೀಳ್ಕೊಡುತ್ತವೆ, ಇದು ಬರಮಾಡಿಕೊಳ್ಳುತ್ತದೆ. ಕನ್ನಡದ ಅರ್ಪಣೆಗಳಲ್ಲಿ ಇದಕ್ಕೆ ಸಾಟಿಯಾದದ್ದು ಸಿಗುವುದು ಕಷ್ಟ.

ಹಳೆಯ ಕಾವ್ಯಗಳು ಗುರುಸ್ತುತಿಯಿಂದ ಆರಂಭವಾಗುವುದು ವಾಡಿಕೆ. ಆ ಸ್ಥಾನದಲ್ಲಿ ಕುವೆಂಪು ಒಬ್ಬ ಕಾಲೇಜು ಮೇಷ್ಟ್ರನ್ನು ಕೂರಿಸಿದರು. ಕಾವ್ಯದೊಳಗೆ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್ ಅವರಿಗೂ ನಮಸ್ಕಾರವುಂಟು. ಅವರೆಲ್ಲರಿಗಿಂತ ಮೊದಲು ಬಾಗಿಲಲ್ಲೇ ಕಾಣುವವರು ವೆಂಕಣ್ಣಯ್ಯನವರು.

ಕಾವ್ಯ 1949ರಿಂದ ಅಚ್ಚಿನಲ್ಲಿ ಹೊರಬಂದಿತು. 1955ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಆಮೇಲೆ 1967ರ ಜ್ಞಾನಪೀಠ. ಹೆಸರು ಬೆಳೆದಂತೆ ಅರ್ಪಣೆಯ ಪುಟಗಳನ್ನು ಮಗುಚಿ ನೇರವಾಗಿ ಮೊದಲ ಸಂಚಿಕೆಗೆ ಹೋಗುವ ಓದುಗರೂ ಹೆಚ್ಚಿದರು. ಅಂಥವರು ಒಮ್ಮೆ ಹಿಂದಿರುಗಿ ಆ ಪುಟಗಳನ್ನು ಗಟ್ಟಿಯಾಗಿ ಓದಬೇಕು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೂರಿಸಿಕೊಂಡು ಓದಬೇಕು.